ತಲೆಯ ಮೇಲೊಂದು ಕೈ

ಅರವತ್ತನಾಲ್ಕು ತುಂಬಿದ ಮಹಾಲಿಂಗಂ ತನ್ನ ಹಳೇ ಬುಲೆಟ್ ಹತ್ತಿ ಒಬ್ಬನೇ ಬೆಟ್ಟ ಸುತ್ತಿ ಬರುತ್ತೇನೆ ಎಂದಾಗ ಹಟ್ಟಿಯಲ್ಲಿ ಒಬ್ಬರ ಬಾಯಿಂದಲೂ ಒಳ್ಳೆಯ ಮಾತು ಹೊರಡಲಿಲ್ಲ. ಕೋತಗಿರಿ ಬಿಟ್ಟು ಲವ್‌ಡೇಲ್, ಅಲ್ಲಿಂದ ಕಲ್ಲಟ್ಟಿ ಘಾಟಿ ಇಳಿದು ಮಸಿನಗುಡಿ, ಕಾಡು ದಾಟಿ ತೊರಪಳ್ಳಿ, ರಾತ್ರಿ ಅಲ್ಲೇ ತಂಗಿ ಮಾರನೆಯ ದಿನ ಗೂಡಲೂರು, ನಡುವಟ್ಟಂ ಮೇಲೆ ವಾಪಸು. ಮಗಳ ಮದುವೆ ಎದುರಿಗೆ ನಿಂತಿದೆ. ಹೆಣ್ಣಿನ ಅಪ್ಪನಾದವನು ಚಪ್ಪರದ ಕಂಬ ಅಲುಗಾಡಿಸಿ ನೋಡಬೇಕೋ, ಕಾಡಿನ ದಾರಿಯಲ್ಲಿ ಗಾಳಿ ಕುಡಿಯಬೇಕೋ?

"ಕುನ್ನಪ್ಪಾ, ಕಾರ್ ಇದ್ದರ ಬೈಕ್ ಏಕ? ನಾ ಕರಕೊಂಡು ಹೋಪೆ," ಎಂದು ಚಿಕ್ಕಪ್ಪನನ್ನು ತಡೆದ ಅಣ್ಣನ ಮಗ ಮನೋಜ್‌ಕುಮಾರ್.

"ಪತ್ರಿಕೆ ಕೈಲೇ ಕೊಡೋಕು. ಹಳೇ ಸ್ನೇಹಿತರು," ಎಂದ ಮಹಾಲಿಂಗಂ.

"ವಾಟ್ಸಾಪ್‌ಲಿ ಹಾಕಿದರ ಆಗದಾ?"

"ವಾಟ್ಸಾಪ್‌ಲಿ ಕರೆದರ ವಾಟ್ಸಾಪ್‌ಲೇ ಬಂದು ಉಂಡು ಹೋಪರು," ಎಂದುಬಿಟ್ಟ.

ಮದುಮಗಳು ನಿವೇತಾ ಮಾತ್ರ ತಡೆಯಲಿಲ್ಲ. ಅಪ್ಪನ ಹಟ ಅವಳಿಗೆ ಹೊಸದಲ್ಲ. ಕುನ್ನೂರಿನಿಂದ ಒಂದು ಕೆಂಪು ಹೆಲ್ಮೆಟ್ ತರಿಸಿ, "ಇದ ಹಾಕದೆ ಹೋದರ ನಾ ಮದುವೆನೇ ಆಗಲ್ಲೆ," ಎಂದು ತಾನೇ ತೊಡಿಸಿ, ಗಲ್ಲದ ಕೆಳಗೆ ಪಟ್ಟಿ ಬಿಗಿದಳು. ಮೂಗಿಗಿಂತ ಮೂಗುತಿ ಭಾರ. ಆ ಪಟ್ಟಿಯ ಕೊಂಡಿ ಹಾಕುವುದು ಸುಲಭ, ಬಿಚ್ಚುವುದು ಬ್ರಹ್ಮವಿದ್ಯೆ.

ಪತ್ರಿಕೆಯ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅದನ್ನು ತಿಳಿಯಬೇಕಾದರೆ ಆ ನೀಲಗಿರಿ ಬೆಟ್ಟದ ಬಡಗರ ಒಂದು ಪದ್ಧತಿ ಗೊತ್ತಿರಬೇಕು. ಕಿರಿಯರು ಹಿರಿಯರನ್ನು ಕಂಡರೆ ತಲೆಯ ಮೇಲೆ ಏನಿದೆಯೋ ಅದನ್ನು ತೆಗೆದು, ಬಾಗಿ, ಬರಿದಲೆ ಕೊಡಬೇಕು. ಹಿರಿಯರು ಅದರ ಮೇಲೆ ಅಂಗೈ ಇಟ್ಟು "ಬದುಕು, ಬದುಕು" ಎಂದು ಹರಸಬೇಕು. ಬಸ್‌ಸ್ಟಾಂಡಾದರೂ ಸರಿ, ಟೀ ಎಲೆ ತೂಗುವ ಕಡೆಯಾದರೂ ಸರಿ, ಜಗಳವಾಡಿ ಎದ್ದುಹೋಗುತ್ತಿರುವಾಗಲಾದರೂ ಸರಿ, ಇದು ತಪ್ಪುವಂತಿಲ್ಲ. ಯಾರು ಯಾರಿಗಿಂತ ದೊಡ್ಡವರು ಎಂಬುದು ಹಟ್ಟಿಯಲ್ಲಿ ಎಲ್ಲರಿಗೂ ಬಾಯಿಪಾಠ.

ಹೋದ ವರ್ಷ ಮಹಾಲಿಂಗಂನ ಅಣ್ಣ ಲಿಂಗನ್ ತೀರಿಕೊಂಡ. ಉತ್ತರಕ್ರಿಯೆ ಮುಗಿದ ಮೇಲೆ ಮಹಾಲಿಂಗಂ ಕಣ್ಣು ಬಿಟ್ಟು ನೋಡಿದರೆ ಮನೆತನದಲ್ಲೂ ಹಟ್ಟಿಯಲ್ಲೂ ತನಗಿಂತ ದೊಡ್ಡವರು ಯಾರೂ ಉಳಿದಿರಲಿಲ್ಲ. ಹೊರಗೆ ಕಾಲಿಟ್ಟರೆ ಸಾಕು, ತಲೆಗಳು ಬಾಗುತ್ತಿದ್ದವು. ಮೊದಮೊದಲು ಬಡ್ತಿ ಸಿಕ್ಕ ಹಾಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಬೇಕು? ಆಮೇಲೆ ಒಂದು ದಿನ ಟೀ ತೋಟದಿಂದ ಮನೆಗೆ ಬರುವಾಗ ತನ್ನ ತಲೆಯನ್ನು ಯಾರೂ ಮುಟ್ಟದೆ ಎಷ್ಟೋ ತಿಂಗಳಾಯಿತು ಎಂಬುದು ಹೊಳೆದು, ಅವನು ದಾರಿಯಲ್ಲೇ ನಿಂತುಬಿಟ್ಟ.

ಮದುವೆಯ ಬೆಳಿಗ್ಗೆ ಮನೆ ಬಿಟ್ಟು ಹೊರಡುವ ನಿವೇತಾ ಮೊದಲು ಹಿರಿಯನ ಮುಂದೆ ಬಾಗಬೇಕು. ಹಿರಿಯನೆಂದರೆ ಈಗ ಅವನೇ. ಹರಕೆಯ ಮಾತು ಉದ್ದ. ಇಷ್ಟು ವರ್ಷ ಅದನ್ನು ಅಣ್ಣ ಹೇಳುತ್ತಿದ್ದ, ಇವನು ತಮ್ಮನಾಗಿ ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ. ಕನ್ನಡಿಯ ಮುಂದೆ ಒಮ್ಮೆ ಹೇಳಿ ನೋಡಿದ. ಎರಡನೆಯ ಮಾತಿಗೇ ಬಾಯಿ ತಡವರಿಸಿತು. ತನ್ನ ತಲೆಯ ಮೇಲೆ ಯಾರ ಕೈಯೂ ಇಲ್ಲದವನು ಮಗಳ ತಲೆಯ ಮೇಲೆ ಏನು ಇಟ್ಟಾನು? ಮದುವೆಗೆ ಮುಂಚೆ ಒಂದೇ ಒಂದು ಸಲ, ತನಗಿಂತ ದೊಡ್ಡವರ ಕೈ ತನ್ನ ತಲೆಯ ಮೇಲೆ ಬೀಳಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಹಾಗೆಂದು ಬಾಯಿಬಿಟ್ಟು ಹೇಳುವುದುಂಟೇ? ಈ ವಯಸ್ಸಿನ ಗಂಡಸು "ಯಾರಾದರೂ ನನ್ನ ತಲೆ ಮುಟ್ಟಿ" ಎಂದರೆ ಜ್ವರವೆಂದು ಥರ್ಮಾಮೀಟರ್ ತಂದಾರು.

ಹಾಗಾಗಿ ಪತ್ರಿಕೆಯ ನೆವ. ಕಾರಿನಲ್ಲಿ ಮನೋಜ್‌ಕುಮಾರ್ ಪಕ್ಕದಲ್ಲಿ ಕೂತಿದ್ದರೆ ಈ ಕೆಲಸ ಆಗುವುದಿಲ್ಲ ಎಂದೇ ಬುಲೆಟ್.

ಬೆಳಗಿನ ಮಂಜು ಹರಿಯುವ ಹೊತ್ತಿಗೆ ಅವನು ಊಟಿ ದಾಟಿ ಲವ್‌ಡೇಲ್ ಸೇರಿದ್ದ. ಗಾಡಿ ಗುಡುಗುಡು ಎನ್ನುತ್ತಾ ತಿರುವು ಹತ್ತುವಾಗ ಎಷ್ಟೋ ದಿನದ ಮೇಲೆ ಅವನಿಗೆ ಮನಸ್ಸು ಹಗುರಾಗಿತ್ತು. ಹೆಲ್ಮೆಟ್ಟಿನ ಒಳಗೇ ಏನೋ ಗುನುಗಿಕೊಂಡ. ಲವ್‌ಡೇಲ್ ಸ್ಟೇಷನ್ನಿನ ಮೇಲುಗಡೆ ಜೋಗಿಯ ಮನೆ. ಜೋಗಿ ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು, ಶಾಲೆಯಲ್ಲಿ ಒಂದು ಕ್ಲಾಸು ಮುಂದಿದ್ದವನು, ವಯಸ್ಸಿನಲ್ಲೂ ಒಂದು ವರ್ಷ ದೊಡ್ಡವನು. ಅದರಲ್ಲಿ ಅನುಮಾನವೇ ಇಲ್ಲ. ಗೇಟಿನಲ್ಲೇ ಹೆಲ್ಮೆಟ್ಟಿನ ಕೊಂಡಿಯ ಜೊತೆ ಕುಸ್ತಿ ಹಿಡಿದು, ಗೆದ್ದು, ತಲೆ ಸವರಿಕೊಂಡು ಒಳಗೆ ಹೋದ. ಜೋಗಿ ಜಗುಲಿಯಲ್ಲಿ ಕೂತಿದ್ದ. ಬಲಗೈ ಹೆಗಲಿನಿಂದ ಬೆರಳ ತುದಿಯವರೆಗೆ ಬಿಳಿ ಪ್ಲಾಸ್ಟರಿನ ಕಟ್ಟಿನಲ್ಲಿ ಕತ್ತಿನಿಂದ ಜೋತುಬಿದ್ದಿತ್ತು.

"ಏನ ಆತು ಜೋಗಣ್ಣಾ?"

"ಪ್ಲಮ್ ಮರ ಹತ್ತಿದೆ. ಮರ ಅಲ್ಲೇ ನಿಂತಿತ್ತು, ನಾ ಕೆಳಗ ಬಂದೆ," ಎಂದ ಜೋಗಿ.

ಮಹಾಲಿಂಗಂ ಆದರೂ ಬಾಗಿದ. ಜೋಗಿ ಎಡಗೈಯನ್ನು ಅರ್ಧ ಎತ್ತಿ, ಕೆಂಡ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ. "ಅಯ್ಯೋ, ಎಡಗೈಲಿ ಹರಸುವದಾ? ಅದೂ ಮದುವೆ ಮನೆಯವನಿಗ! ನಾ ಮಾಡಲ್ಲೆ. ಮನಸ್ಸಿಲಿ ಹರಸಿದೆ, ಏಳು."

ಮನಸ್ಸಿನಲ್ಲಿ ಹರಸಿದ್ದು ತಲೆಗೆ ಹೇಗೆ ತಿಳಿಯಬೇಕು? ಮಹಾಲಿಂಗಂ ನಕ್ಕು ಎದ್ದು ಪತ್ರಿಕೆ ಕೊಟ್ಟ. "ಕೂ ತಿಂದೇ ಹೋಗೋಕು," ಎಂದು ಊಟಕ್ಕೆ ಕೂರಿಸಿ ಜೋಗಿಯ ಹೆಂಡತಿ ಅನ್ನಕ್ಕೆ ಉದಕವೆಂಬ ಅವರೆಕಾಳಿನ ಸಾರು ಸುರಿದಳು. ಬಡಗರ ಮನೆಯಲ್ಲಿ ಹಸಿವಿಲ್ಲ ಎಂಬ ಮಾತಿಗೆ ಕಿವಿ ಇಲ್ಲ. ತಿಂದ.

ಮತ್ತೆ ಊಟಿಗೆ ಬಂದು ಕಲ್ಲಟ್ಟಿಯ ಕಡೆ ತಿರುಗುವ ಚೆಕ್‌ಪೋಸ್ಟಿಗೆ ಬಂದರೆ ಅಲ್ಲಿ ಪ್ರವಾಸಿಗಳ ಜಾತ್ರೆ. ಆ ಘಾಟಿ ಕಡಿದಾದದ್ದು. ಬೇರೆ ಊರಿನ ಗಾಡಿಗಳನ್ನು ಇಳಿಯಲು ಬಿಡುವುದಿಲ್ಲ, ಸ್ಥಳೀಯ ನಂಬರಿದ್ದರೆ ಮಾತ್ರ ದಾರಿ. ಬೆಂಗಳೂರಿನ ಹುಡುಗರ ಒಂದು ಬೈಕ್ ಗುಂಪು ಪೊಲೀಸಿನವನ ಜೊತೆ ವಾದಕ್ಕಿಳಿದಿತ್ತು. ಪೊಲೀಸಿನವನು ಮಹಾಲಿಂಗಂನನ್ನು ಕಂಡವನೇ ವಾದವನ್ನು ಅರ್ಧಕ್ಕೆ ಬಿಟ್ಟು, ಟೋಪಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿಬಂದು ರಸ್ತೆಯ ನಡುವೆಯೇ ಬಾಗಿದ.

"ಮಾಮಾ, ನಾ ಪ್ರವೀಣ್‌ಕುಮಾರ್. ತಂಗಮಣಿ ಮಗ."

ನೆಂಟರ ಹುಡುಗ. ಮಹಾಲಿಂಗಂ ಗಾಡಿಯ ಮೇಲೆ ಕೂತೇ ಕೈಗವಸು ಕಿತ್ತು, ಹುಡುಗನ ತಲೆ ಮುಟ್ಟಿ "ಬದುಕು, ಬದುಕು" ಎಂದ. ಹಿಂದೆ ಹಾರ್ನು ಬಡಿಯುತ್ತಿದ್ದವರೆಲ್ಲ ಸುಮ್ಮನಾದರು. ಬೆಂಗಳೂರಿನ ಹುಡುಗನೊಬ್ಬ ಮೆಲ್ಲನೆ ತನ್ನ ಹೆಲ್ಮೆಟ್ ತೆಗೆದು ಮುಂದೆ ಬಂದು ತಲೆ ಬಗ್ಗಿಸಿದ. "ಸಾರ್, ಇದು ಚೆಕಿಂಗಾ? ಮಾಡಿಸ್ಕೊಂಡ್ರೆ ಕೆಳಗೆ ಬಿಡ್ತಾರಾ?"

"ಬಿಡೋದಿಲ್ಲ. ಆದರೂ ಇರಲಿ," ಎಂದು ಮಹಾಲಿಂಗಂ ಅವನ ತಲೆಯ ಮೇಲೂ ಕೈ ಇಟ್ಟ. ಅದನ್ನು ನೋಡಿ ಅವನ ಜೊತೆಯವರೆಲ್ಲ ಸಾಲು ನಿಂತರು. ಊರಿಗೆಲ್ಲ ಹಂಚುತ್ತಿದ್ದೇನೆ, ನನ್ನ ಪಾತ್ರೆಗೆ ಮಾತ್ರ ಒಂದು ಹನಿ ಬೀಳುವುದಿಲ್ಲ ಎಂದುಕೊಂಡು ಅವನು ಘಾಟಿ ಇಳಿದ. ಒಂದರ ಮೇಲೊಂದು ತಿರುವು, ಎರಡನೇ ಗೇರಿನಲ್ಲೇ ಗಾಡಿ ಗುರುಗುಟ್ಟುತ್ತಾ ಇಳಿಯಿತು. ಮೇಲೆ ಸ್ವೆಟರ್ ಬೇಕಾಗಿದ್ದವನಿಗೆ ಕೆಳಗೆ ಬರುವಷ್ಟರಲ್ಲಿ ಬೆನ್ನು ಬೆವರಿತ್ತು.

ಮಸಿನಗುಡಿಯಲ್ಲಿ ಈಶ್ವರಿಯ ಮನೆ. ಈಶ್ವರಿಯೂ ಶಾಲೆಯ ಜೊತೆಗಾತಿ, ಅವನಿಗಿಂತ ಚಿಕ್ಕವಳು. ಅವನು ನಂಬಿದ್ದು ಅವಳ ಅತ್ತೆಯನ್ನು. ತೊಂಬತ್ತರ ಹತ್ತಿರದ ಮುದುಕಿ. ಅವನನ್ನು ಚಿಕ್ಕಂದಿನಲ್ಲಿ ಸೊಂಟದ ಮೇಲೆ ಎತ್ತಿಕೊಂಡವಳು. ಇವಳಿಗೆ ತಾನು ಕಿರಿಯನಲ್ಲ ಎನ್ನುವವರು ಯಾರು? ಅಂಗಳದಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದ ಅಜ್ಜಿಯ ಮುಂದೆ ಹೋಗಿ, "ಹೆತ್ತೇ, ನಾ ಬಂದೆ," ಎಂದು ಬಾಗಬೇಕು, ಅಷ್ಟರಲ್ಲಿ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಗಡಬಡಿಸಿ ಎದ್ದು, ತಲೆಗೆ ಕಟ್ಟಿದ್ದ ಬಿಳಿ ಬಟ್ಟೆ ಸರಿಸಿ ತಾನೇ ತಲೆ ಬಗ್ಗಿಸಿದಳು.

"ಮಾಮಾ! ಎಷ್ಟು ದಿನ ಆತು ನೀ ಈ ಕಡೆ ಬಂದು!"

ಈಶ್ವರಿ ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ನಿನ್ನ ಅಪ್ಪ ಅಂತ ನೆನಸಿದರು. ನೀ ಈಗ ಹಾಗೇ ಇದ್ದೆಯಲ್ಲ, ಮೀಸೆ ಸಮೇತ. ಇಟ್ಟುಬಿಡು ಮಹಾಲಿಂಗಾ, ಇಲ್ಲೆಂದರ ಹೊತ್ತು ಮುಳುಗುವವರೆಗೂ ತಲೆ ಎತ್ತಲ್ಲೆ."

ಬೇರೆ ದಾರಿ ಇರಲಿಲ್ಲ. ತನ್ನನ್ನು ಎತ್ತಿ ಆಡಿಸಿದವಳ ನರೆತ ತಲೆಯ ಮೇಲೆ ಅವನು ಕೈ ಇಟ್ಟ. "ಬದುಕು, ಬದುಕು" ಎಂದ. ತೊಂಬತ್ತು ವರ್ಷ ಬದುಕಿದವಳಿಗೆ ಇನ್ನೇನು ಹೇಳುವುದು? ಅಜ್ಜಿಗೆ ಮಾತ್ರ ಬಹಳ ಸಂತೋಷವಾಯಿತು. ಮಾವ ಬಂದನೆಂದು ಹಾಲು ಕಾಯಿಸಲು ಹೇಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಕೇಳಿದ್ದೇವೆ. ಇಲ್ಲಿ ತುತ್ತೇ ಬಾಯಿ ತೆರೆದು ಇವನಿಂದ ಬೇಡಿತು. ಹಾಲು ಕುಡಿದು, ಪತ್ರಿಕೆ ಕೊಟ್ಟು ಅವನು ಗಾಡಿ ಒದ್ದ.

ಇನ್ನು ಉಳಿದವನು ನಂಜನ್ ಒಬ್ಬನೇ. ಅವನವರೆಗೆ ಹೋಗುವ ಮುಂಚೆಯೇ ಕೆಲಸ ಆಗಲಿ ಎಂದು ಮಹಾಲಿಂಗಂ ದಾರಿಯುದ್ದಕ್ಕೂ ಬೇಡಿಕೊಂಡಿದ್ದ. ಕಾರಣವಿದೆ.

ನಂಜನ್ ಅವನ ಪ್ರಾಣಸ್ನೇಹಿತ. ಒಂದೇ ಹಟ್ಟಿಯಲ್ಲಿ ಹುಟ್ಟಿದವರು, ಒಂದೇ ದಿನ ಶಾಲೆಗೆ ಸೇರಿದವರು. ಹೆಡ್‌ಮಾಸ್ಟರು ಆ ಬೆಂಚಿನಲ್ಲಿ ಕೂತವರಿಗೆಲ್ಲ ಹುಟ್ಟಿದ ದಿನ ಜೂನ್ ಒಂದು ಎಂದು ಬರೆದು ಕೈತೊಳೆದುಕೊಂಡರು. ಹಾಗಾದರೆ ಇಬ್ಬರಲ್ಲಿ ದೊಡ್ಡವನು ಯಾರು? ನಂಜನ್‌ನ ತಾಯಿ, ತನ್ನ ಮಗ ಹುಟ್ಟಿದ್ದು ಆ ವರ್ಷ ಮಳೆ ಹಿಡಿದ ಹೊಸತರಲ್ಲಿ ಎನ್ನುತ್ತಿದ್ದಳು. ಮಹಾಲಿಂಗಂನ ತಾಯಿ, ತನ್ನ ಮಗ ಹುಟ್ಟಿದ್ದು ಆಲೂಗೆಡ್ಡೆ ಅಗೆಯುವಾಗ ಎನ್ನುತ್ತಿದ್ದಳು. ಆದರೆ ನೀಲಗಿರಿಯಲ್ಲಿ ಆಲೂಗೆಡ್ಡೆ ವರ್ಷಕ್ಕೆ ಮೂರು ಬೆಳೆ! ಮೊದಲ ಬೆಳೆಯಾದರೆ ಮಹಾಲಿಂಗಂ ದೊಡ್ಡವನು, ಆಮೇಲಿನದಾದರೆ ನಂಜನ್. ಯಾವ ಬೆಳೆ ಎಂದು ಕೇಳುವ ಬುದ್ಧಿ ಬರುವಷ್ಟರಲ್ಲಿ ತಾಯಿ ಇರಲಿಲ್ಲ. ಇಬ್ಬರೂ ಬಿಡಲಿಲ್ಲ. ನಂಜನ್ ಲಾರಿ ಓಡಿಸಿಕೊಂಡು ತೊರಪಳ್ಳಿಗೆ ಬಂದು ನೆಲೆಸಿ, ರಸ್ತೆ ಪಕ್ಕ ಟಯರಿನ ಅಂಗಡಿ ಇಟ್ಟ. ಮಹಾಲಿಂಗಂ ಕೋತಗಿರಿಯಲ್ಲೇ ಟೀ ಎಲೆ ಬೆಳೆದ. ಮದುವೆ, ಸಾವು, ಹಬ್ಬಗಳಲ್ಲಿ ಸಿಕ್ಕಾಗಲೆಲ್ಲ ಇವನು ಬಾಗಲಿ ಎಂದು ಅವನು, ಅವನು ಬಾಗಲಿ ಎಂದು ಇವನು ಕಾದು ನಿಂತು, ಕೊನೆಗೆ ದೊರೆಗಳಂತೆ ಕೈ ಕುಲುಕಿ ಸುಮ್ಮನಾಗುತ್ತಿದ್ದರು. ಊರೆಲ್ಲ ನಗುತ್ತಿತ್ತು. ಇಬ್ಬರಿಗೂ ಅದೊಂದು ಹೆಮ್ಮೆ.

ತೆಪ್ಪಕಾಡಿನ ದಾರಿಯಲ್ಲಿ ಗಾಡಿಗಳು ನಿಂತಿದ್ದವು. ಆನೆಗಳ ಹಿಂಡೊಂದು ರಸ್ತೆ ದಾಟುತ್ತಿತ್ತು. ಮಹಾಲಿಂಗಂ ಇಂಜಿನ್ ಆರಿಸಿ ಕೂತ. ಕೊನೆಯಲ್ಲಿ ಒಂದು ಮುದಿ ಹೆಣ್ಣಾನೆ, ಕಿವಿಯ ಅಂಚೆಲ್ಲ ಹರಿದದ್ದು, ಯಾರಪ್ಪನ ರಸ್ತೆ ಎನ್ನುವ ಹಾಗೆ ನಿಧಾನಕ್ಕೆ ನಡೆಯಿತು. ಇದು ಖಂಡಿತ ನನಗಿಂತ ದೊಡ್ಡದು ಎಂದು ಅವನಿಗೆ ಅನ್ನಿಸಿ, ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಆನೆಯ ಮುಂದೆ ಬಾಗುವ ಸ್ಥಿತಿಗೆ ಬಂದೆಯಲ್ಲೋ ಮಹಾಲಿಂಗಾ! ನಂಜನ್‌ನ ಮುಂದೆ ಬಾಗುವುದಕ್ಕೇನು ಧಾಡಿ? ಆಲೂಗೆಡ್ಡೆ ಆಮೇಲಿನ ಬೆಳೆಯದೇ ಎಂದು ಒಪ್ಪಿಕೊಂಡರೆ ಬೆಟ್ಟ ಕುಸಿಯುತ್ತದೆಯೇ? ಅವನು ನಗಲಿ. ಊರಿಗೆಲ್ಲ ಫೋನು ಮಾಡಿ ಸಾರಲಿ. ಒಂದು ಕೈ ಬೇಕು, ಅಷ್ಟೇ. ಆನೆ ಪೊದೆಯಲ್ಲಿ ಮರೆಯಾಗುವ ಹೊತ್ತಿಗೆ ಅವನು ತೀರ್ಮಾನ ಮಾಡಿ ಆಗಿತ್ತು.

ಸಂಜೆಯ ಬಿಸಿಲು ಇನ್ನೂ ಇತ್ತು. ಟಯರಿನ ಅಂಗಡಿಗೆ ಸ್ವಲ್ಪ ಮುಂಚೆಯೇ ಗಾಡಿ ನಿಲ್ಲಿಸಿ, ಹೆಲ್ಮೆಟ್ ಬಿಚ್ಚಿ, ಕೂದಲು ಬಾಚಿ, ನಡೆದುಕೊಂಡೇ ಹೊರಟ. ನಂಜನ್ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದವನು ತಲೆ ಎತ್ತಿ ನೋಡಿದ. ಟ್ಯೂಬು ಬಿಟ್ಟ. ಕೈಯನ್ನು ಲುಂಗಿಗೆ ಒರೆಸಿಕೊಂಡು, ತಲೆಯ ಉಲ್ಲನ್ ಟೋಪಿ ಕಿತ್ತು, ದಾಪುಗಾಲು ಹಾಕಿ ಬಂದು, ಮಹಾಲಿಂಗಂನ ಎದುರಿಗೆ ಸೊಂಟ ಮಡಚಿ ಬಾಗಿದ.

ಮಹಾಲಿಂಗಂಗೆ ತನ್ನ ಕಣ್ಣನ್ನು ನಂಬಲಾಗಲಿಲ್ಲ. "ಏಯ್, ಏನ ಮಾಡುತ್ತೆ ನೀ?"

"ಕಾಣದಾ? ತಲೆ ಕೊಟ್ಟೆ. ಕೈ ಇಡು."

"ದೊಡ್ಡವ ನೀನಲ್ಲವಾ?"

"ಅಲ್ಲ. ನಿನ್ನ ಆಲೂಗೆಡ್ಡೆಯೇ ಮೊದಲು. ಒಪ್ಪಿದೆ," ಎಂದ ನಂಜನ್ ನೆಲ ನೋಡುತ್ತಲೇ. "ಲಿಂಗಣ್ಣ ಹೋದಾಗ ಘಾಟಿಲಿ ಮಣ್ಣು ಕುಸಿದು ನಾ ಬರಕಾಗಲ್ಲೆ. ಅಂದೇ ನೆನಸಿದೆ, ಇನ್ನು ಈ ವಾದ ಬೇಡ. ಅಣ್ಣ ಇಲ್ಲದವನಿಗ ನಾ ಒಬ್ಬ ತಮ್ಮನಾದರೂ ಆಗೋಣ ಅಂತ."

ಐವತ್ತು ವರ್ಷ ಕಾದ ಗೆಲುವು ಕಾಲ ಬುಡಕ್ಕೆ ಬಂದು ಬಿದ್ದಿತ್ತು. ಮಹಾಲಿಂಗಂಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟು.

"ತಮ್ಮಂದಿರು ಎನಗ ಹಟ್ಟಿ ತುಂಬ ಇದ್ದಾರೆ! ಬೆಳಗಿಂದ ತಲೆ ಮುಟ್ಟಿ ಮುಟ್ಟಿ ಕೈ ನೋವು ಬಂತು!" ಎಂದು ಕೂಗಿದ. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಎನಗ ಬೇಕಾದ್ದು ಅಣ್ಣ, ನಂಜಾ! ಬರುವ ವಾರ ಮಗಳ ತಲೆ ಮೇಲೆ ಕೈ ಇಡೋಕು. ಎನ್ನ ತಲೆ ಮೇಲೆ ಯಾರೂ ಇಲ್ಲೆ. ನಿನಗ ಬಾಗೋಣ ಅಂತ ಅಷ್ಟು ದೂರದಿಂದ ಬಂದೆ. ಅದಕೂ ಮುಂಚೆ ನೀನೇ ಬಾಗಿಬಿಟ್ಟೆಯಲ್ಲ!"

ಬಾಗಿದ ನಂಜನ್ ಏಳಲಿಲ್ಲ.

"ಎನ್ನ ಮನೆಲಿ ದೊಡ್ಡವರು ಇಲ್ಲದೆ ಎಂಟು ವರ್ಷ ಆತು," ಎಂದ ಮೆಲ್ಲಗೆ. "ಇಲ್ಲಿ ಹಟ್ಟಿಯೂ ಇಲ್ಲೆ. ಎಲ್ಲರೂ ಮಲಯಾಳದಲ್ಲಿ ಚೇಟ್ಟಾ, ಅಣ್ಣಾ ಅಂತ ಕರೆಯುತ್ತಾರೆ, ಕೈ ಇಡುವವರು ಯಾರು? ನೀ ಮೊದಲು ಇಡು. ಸೊಂಟ ಹಿಡಿಯುತ್ತೆ."

ಎಂಟು ವರ್ಷ. ತನ್ನದು ಒಂದು ವರ್ಷಕ್ಕೇ ಇಷ್ಟು ಗೋಳು. ಮಹಾಲಿಂಗಂನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನಂಜನ್‌ನ ಬೋಳುತಲೆಯ ಮೇಲೆ ಬಲಗೈ ಇಟ್ಟ. ದಿನವಿಡೀ ಇಟ್ಟ ಹಾಗೆ ಇಟ್ಟು ತೆಗೆಯಲಿಲ್ಲ, ಇಟ್ಟೇ ನಿಂತ. "ಬದುಕು, ಬದುಕು. ಒಂದು ನೂರಾಗಲಿ. ಹೋದ ಕಡೆ ಹಾಲಿರಲಿ, ಬಂದ ಕಡೆ ಬೆಳಕಿರಲಿ. ಕಾಲಿಗ ಮುಳ್ಳು ತಾಕದೆ ಇರಲಿ, ಕಣ್ಣಿಗ ನೀರು ಬಾರದೆ ಇರಲಿ..." ಕನ್ನಡಿಯ ಮುಂದೆ ಎರಡನೆಯ ಮಾತಿಗೇ ತಡವರಿಸಿದ ಬಾಯಿ ಇದು. ಈಗ ಉದ್ದದ ಹರಕೆ ಕೊನೆಯವರೆಗೂ ತಾನಾಗಿ ಹರಿದು ಬಂತು, ಒಂದು ಅಕ್ಷರ ತಪ್ಪದೆ. ಕೇಳುತ್ತಾ ಕೇಳುತ್ತಾ ಬಾಗಿದವನ ಮೂಗಿನ ತುದಿಯಿಂದ ಎರಡು ಹನಿ ಮಣ್ಣಿಗೆ ಬಿದ್ದವು.

ನಂಜನ್ ಎದ್ದು ಮುಖ ಒರೆಸಿಕೊಂಡ. "ಈಗ ನೀ ಬಾಗು."

"ನೀ ಈಗತಾನೆ ಚಿಕ್ಕವನಾದೆ."

"ಅದು ಆಗ. ಆಲೂಗೆಡ್ಡೆ ವರ್ಷಕ್ಕ ಮೂರು ಬೆಳೆ ಅಲ್ಲವಾ? ಒಂದಕ್ಕೆ ನೀ ದೊಡ್ಡವ, ಒಂದಕ್ಕೆ ನಾ."

"ಮೂರನೆಯದು?"

"ಅದ ಬೇಯಿಸಿ ತಿನ್ನೋಣ. ಬಾಗು ಅಂದೆ!"

ಮಹಾಲಿಂಗಂ ಬಾಗಿದ. ನಂಜನ್‌ನ ಕೈ ಬಂದು ಅವನ ತಲೆಯ ಮೇಲೆ ಕೂತಿತು. ಒರಟು, ಇನ್ನೂ ಒದ್ದೆ, ರಬ್ಬರಿನ ವಾಸನೆ. ಸ್ವಲ್ಪ ಭಾರವಾಗಿಯೇ ಇತ್ತು. ನಂಜನ್ ಹರಕೆಯನ್ನು ಅರ್ಧ ಮರೆತು, ನಡುನಡುವೆ ತನಗೆ ತೋಚಿದ್ದನ್ನು ಸೇರಿಸಿ, ಬ್ರೇಕು ಹಿಡಿಯಲಿ, ಟಯರು ಸವೆಯದಿರಲಿ ಎಂದೂ ಹೇಳಿದ. ಅಷ್ಟರಲ್ಲಿ ಅವನ ಹೆಂಡತಿ ಸರೋಜಾ ಬಾಗಿಲಿಗೆ ಬಂದಳು. ಗಂಡ ಮೂಗು ಒರೆಸುತ್ತಾ ನಿಂತಿರುವುದನ್ನೂ ಅವನ ಸ್ನೇಹಿತ ನೆಲ ನೋಡುತ್ತಾ ಬಾಗಿರುವುದನ್ನೂ ಕಂಡು, "ಏನ ಬಿದ್ದೋತು? ಟಾರ್ಚ್ ತರಲಾ?" ಎಂದಳು.

"ಏನೂ ಬೀಳಲ್ಲೆ. ಕೂ ಇಕ್ಕು," ಎಂದ ನಂಜನ್. ಹರಕೆ ಮುಗಿದಿತ್ತು. "ಆತು, ಏಳು ಮಹಾಲಿಂಗಾ."

ಮಹಾಲಿಂಗಂ ಏಳಲಿಲ್ಲ. "ಇರು," ಎಂದ. "ಕೈ ತೆಗೀಬೇಡ. ಇನ್ನು ಸ್ವಲ್ಪ ಹೊತ್ತು."